ಕಪ್ಪನ್ನೇ ಹುಡುಕುವ ಬೆಳಕು

ಬೇಡದ ಕೂದಲು ತೆಗೆಯಲು ಬಳಸುವ ಲೇಸರ್ ಬೆಳಕಿಗೆ ಕೂದಲು ಯಾವುದು, ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಕಪ್ಪು ಎಲ್ಲಿದೆಯೋ ಅಲ್ಲಿ ಅದು ಹೀರಲ್ಪಡುತ್ತದೆ, ಹೀರಿದ್ದನ್ನು ಕಾಯಿಸುತ್ತದೆ. ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಕಾದು, ಆ ಕಾವು ಬುಡಕ್ಕೆ ತಟ್ಟಿ, ಬುಡ ಮತ್ತೆ ಚಿಗುರುವ ಶಕ್ತಿ ಕಳೆದುಕೊಂಡರೆ ಚಿಕಿತ್ಸೆ ಫಲಿಸಿತು. ಆದರೆ ಅದೇ ಮೆಲನಿನ್ ಚರ್ಮದ ಮೇಲ್ಪದರದಲ್ಲೂ ಇದೆ, ಬೆಳಕು ಮೊದಲು ದಾಟಬೇಕಾದದ್ದು ಆ ಪದರವನ್ನೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನಮ್ಮಲ್ಲಿ ಬಹುತೇಕರದು ಗೋಧಿ ಬಣ್ಣ, ಎಣ್ಣೆಗೆಂಪು, ಇಲ್ಲವೇ ಕಪ್ಪು. ಚರ್ಮದ ವೈದ್ಯರು ಬಳಸುವ ಫಿಟ್ಜ್‌ಪ್ಯಾಟ್ರಿಕ್ ಅಳತೆಯಲ್ಲಿ ಅತಿ ಬಿಳುಪಿನಿಂದ ಅತಿ ಕಪ್ಪಿನವರೆಗೆ ಆರು ವರ್ಗಗಳಿವೆ. ನಮ್ಮವರು ಹೆಚ್ಚಾಗಿ ಬರುವುದು ನಾಲ್ಕು ಮತ್ತು ಐದರಲ್ಲಿ. ಯಂತ್ರ ಯಾವುದಿರಬೇಕು, ಎಷ್ಟು ಶಕ್ತಿ ಇಡಬೇಕು, ಯಾವ ತಿಂಗಳಲ್ಲಿ ಶುರು ಮಾಡಬೇಕು, ಯಾವಾಗ ಮುಂದೂಡಬೇಕು ಎಂಬ ಎಲ್ಲ ನಿರ್ಧಾರಗಳೂ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ. ಬೆಳ್ಳಗಿನ ಕಾಲೊಂದರ ಫೋಟೊ ಹಾಕಿದ ಜಾಹೀರಾತು ನೋಡಿ ಹೋದವರಿಗೆ ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲ.

ಬೆಳಕಿನಿಂದ ಬೇಕಾದ ಜಾಗವನ್ನಷ್ಟೇ ಸುಡಬಹುದು ಎಂಬ ಸೂತ್ರವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬ ಅಮೆರಿಕದ ವೈದ್ಯರು 1983ರಲ್ಲಿ ಪ್ರಕಟಿಸಿದರು. ಗುರಿಯಾದ ವಸ್ತು ಹೀರಿಕೊಳ್ಳುವಂಥ ಬಣ್ಣದ ಬೆಳಕು ಬೇಕು, ಸಾಕಷ್ಟು ಶಕ್ತಿ ಬೇಕು, ಮತ್ತು ಆ ಬೆಳಕು ಉರಿಯುವ ಹೊತ್ತು ಸರಿಯಾಗಿರಬೇಕು. ಮೂರನೆಯದನ್ನು ಜನ ಕೇಳುವುದೇ ಇಲ್ಲ. ನಮ್ಮ ಚರ್ಮಕ್ಕೆ ಮಾತ್ರ ಅದೇ ಬಹಳ ಮುಖ್ಯ. ತಟ್ಟೆಗೆ ಬಿದ್ದ ರಾಗಿಮುದ್ದೆಯ ಹೊರಮೈ ಬೇಗ ಆರುತ್ತದೆ, ಮುರಿದರೆ ಒಳಗೆ ಇನ್ನೂ ಹಬೆ. ಚರ್ಮದ ಮೇಲ್ಪದರವೂ ಹಾಗೆ ತೆಳು, ಹೀರಿದ ಕಾವನ್ನು 3ರಿಂದ 10 ಮಿಲಿಸೆಕೆಂಡಿನಲ್ಲಿ (ಸೆಕೆಂಡಿನ ಸಾವಿರದ ಒಂದು ಪಾಲೇ ಮಿಲಿಸೆಕೆಂಡು) ಬಿಟ್ಟುಕೊಡುತ್ತದೆ. ದಪ್ಪ ಕೂದಲಿನ ಬುಡಕ್ಕೆ ಅದಕ್ಕೆ ಹಲವು ಹತ್ತು ಮಿಲಿಸೆಕೆಂಡು ಬೇಕು. ಆದ್ದರಿಂದ ಶಕ್ತಿಯನ್ನು ಒಂದೇ ಏಟಿಗೆ ಸುರಿಯದೆ 30, 40, 100 ಮಿಲಿಸೆಕೆಂಡಿಗೆ ಹರಡಿ ಕೊಟ್ಟರೆ ಮೇಲ್ಪದರ ಬಿಸಿಯಾಗುತ್ತಲೇ ತಣಿಯುತ್ತಾ ಹೋಗುತ್ತದೆ, ಬುಡ ಮಾತ್ರ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಕೂದಲನ್ನು ಮತ್ತೆ ಹುಟ್ಟಿಸುವ ಮೂಲಕೋಶಗಳು ಬುಡದ ಪಕ್ಕದ ಉಬ್ಬಿನಲ್ಲಿರುತ್ತವೆ, ಅವುಗಳಲ್ಲಿ ಹೆಚ್ಚು ಬಣ್ಣವಿರುವುದಿಲ್ಲ. ಕೂದಲ ಕಡ್ಡಿಯಿಂದ ಅಲ್ಲಿಯವರೆಗೆ ಕಾವು ಹರಿದು ಹೋಗಬೇಕು, ಹರಿಯಲು ಸಮಯ ಬೇಕು. ಕಪ್ಪು ಚರ್ಮದ ಮೇಲೆ ಚಿಕ್ಕ ಪಲ್ಸ್ (ಬೆಳಕು ಒಂದು ಸಲ ಉರಿಯುವ ಹೊತ್ತು), ದೊಡ್ಡ ಶಕ್ತಿ ಇಟ್ಟವರು ಗುಳ್ಳೆ ಎಬ್ಬಿಸುವುದು ಈ ಲೆಕ್ಕ ತಪ್ಪುವುದರಿಂದಲೇ.

ಬೆಳಕಿನ ಬಣ್ಣದ ವಿಷಯ. ಬಣ್ಣವನ್ನು ಅದರ ಅಲೆಯುದ್ದದಿಂದ, ನ್ಯಾನೋಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಮೊದಮೊದಲು ಬಳಕೆಗೆ ಬಂದ ರೂಬಿ ಲೇಸರ್ 694 ನ್ಯಾನೋಮೀಟರ್. ಮೆಲನಿನ್ ಅದನ್ನು ವಿಪರೀತ ಹೀರುತ್ತದೆ, ನಮ್ಮ ಚರ್ಮಕ್ಕೆ ಅದು ಅಪಾಯ. ಅಲೆಕ್ಸಾಂಡ್ರೈಟ್ 755, ಬಿಳಿ ಚರ್ಮದ ಮೇಲಿನ ಕಪ್ಪು ಕೂದಲಿಗೆ ಅತ್ಯುತ್ತಮ. ನಾಲ್ಕನೇ ವರ್ಗದವರಿಗೆ ಪಳಗಿದ ಕೈ ಮಾತ್ರ ಅದನ್ನು ಮುಟ್ಟಬೇಕು, ಐದಕ್ಕೆ ಬೇಡವೇ ಬೇಡ ಎನ್ನುವುದು ನಮ್ಮ ನಿಲುವು. ಡಯೋಡ್ ಸುಮಾರು 800ರಿಂದ 810. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಇದೇ. ಉದ್ದನೆಯ ಪಲ್ಸ್ ಮತ್ತು ಒಳ್ಳೆಯ ತಂಪು ಇದ್ದರೆ ನಾಲ್ಕು, ಐದನೇ ವರ್ಗಕ್ಕೆ ಚೆನ್ನಾಗಿ ಒಗ್ಗುತ್ತದೆ. ಎನ್‌ಡಿ ಯಾಗ್ 1064 ನ್ಯಾನೋಮೀಟರ್. ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ಮೇಲ್ಪದರವನ್ನು ಹೆಚ್ಚು ಕೆಣಕದೆ ಆಳಕ್ಕೆ ಇಳಿಯುತ್ತದೆ. ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಕ್ಷೇಮವಾದದ್ದು ಇದು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ನೋವು ಹೆಚ್ಚು, ಸಣ್ಣ ಕೂದಲಿನ ಮೇಲೆ ಪರಿಣಾಮ ಕಡಿಮೆ, ಸಿಟ್ಟಿಂಗ್‌ಗಳೂ ಒಂದೆರಡು ಜಾಸ್ತಿ. ಎರಡು ಯಂತ್ರಗಳ ಜೌಲ್ (ಬೆಳಕಿನ ಶಕ್ತಿಯ ಅಳತೆ) ಸಂಖ್ಯೆಗಳನ್ನು ಹೋಲಿಸಿ ನೋಡಿ ಪ್ರಯೋಜನವಿಲ್ಲ. ಯಾಗ್‌ಗೆ ಹೆಚ್ಚು ಜೌಲ್ ಬೇಕಾಗುವುದು ಅದರ ಗುಣದಿಂದ. ಒಂದೇ ಜಾಗದ ಮೇಲೆ ಕಡಿಮೆ ಶಕ್ತಿಯನ್ನು ಸೆಕೆಂಡಿಗೆ ಹಲವು ಸಲ ಹೊಡೆಯುತ್ತಾ ಕೈಪಿಡಿಯನ್ನು (ಚರ್ಮಕ್ಕೆ ಒತ್ತಿ ಬೆಳಕು ಬಿಡುವ, ಕೈಯಲ್ಲಿ ಹಿಡಿಯುವ ಭಾಗ) ಜಾರಿಸಿಕೊಂಡು ಹೋಗುವ ಡಯೋಡ್ ಕ್ರಮದಲ್ಲಿ ಕಾವು ನಿಧಾನವಾಗಿ ಕೂಡಿಕೊಳ್ಳುವುದರಿಂದ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ.

ಐಪಿಎಲ್ (ಇಂಟೆನ್ಸ್ ಪಲ್ಸ್ಡ್ ಲೈಟ್) ಎನ್ನುವುದು ಲೇಸರ್ ಅಲ್ಲ. ಅದು ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ಎಲ್ಲ ಬಣ್ಣವನ್ನೂ ಒಟ್ಟಿಗೆ ಸೂಸುವ ಫ್ಲ್ಯಾಶ್ ದೀಪ. ಮುಂದೆ ಒಂದು ಫಿಲ್ಟರ್ ಇಟ್ಟು ಕಡಿಮೆ ನ್ಯಾನೋಮೀಟರಿನ ಬಣ್ಣಗಳನ್ನು ತಡೆಯುತ್ತಾರೆ. ಯಂತ್ರದ ಬೆಲೆ ಕಡಿಮೆಯಾದ್ದರಿಂದ ಚಿಕ್ಕ ಊರಿನ ಪಾರ್ಲರುಗಳಿಗೂ ಬಂದು ಸೇರಿದೆ, ಬೋರ್ಡಿನ ಮೇಲೆ ‘ಲೇಸರ್’ ಎಂದೇ ಇರುತ್ತದೆ. ಗೋಧಿ ಬಣ್ಣದವರಿಗೆ ಸರಿಯಾದ ಫಿಲ್ಟರ್ ಹಾಕಿ, ತಿಳಿದವರು ಮಾಡಿದರೆ ಐಪಿಎಲ್ ಕೆಲಸ ಮಾಡುತ್ತದೆ. ಕಪ್ಪು ಚರ್ಮದಲ್ಲಿ ಆಯತಾಕಾರದ ಸುಟ್ಟ ಗುರುತು ಬಿದ್ದಿದ್ದರೆ ಅದು ಬಹುಪಾಲು ಐಪಿಎಲ್ ಕೈಪಿಡಿಯ ಕಿಟಕಿಯ ಅಚ್ಚು. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ: ಇದು ಯಾವ ಲೇಸರ್, ಎಷ್ಟು ನ್ಯಾನೋಮೀಟರ್? ಉತ್ತರ ಕೊಡಲಾಗದವರ ಕೈಗೆ ಮುಖ ಒಪ್ಪಿಸಬೇಡಿ.

ಇನ್ನು ಸಿಟ್ಟಿಂಗ್‌ಗಳ ಲೆಕ್ಕ. ಪ್ರತಿ ಕೂದಲೂ ಬೆಳೆಯುವ, ಸೊರಗುವ, ಉದುರಿ ಬಿಡುವ ಮೂರು ಹಂತಗಳನ್ನು ಸುತ್ತುತ್ತಿರುತ್ತದೆ. ಬೆಳೆಯುವ ಹಂತದಲ್ಲಿ ಮಾತ್ರ ಕಡ್ಡಿ ಬುಡಕ್ಕೆ ಗಟ್ಟಿಯಾಗಿ ಅಂಟಿಕೊಂಡು, ಬುಡದಲ್ಲಿ ಬಣ್ಣ ತುಂಬಿರುತ್ತದೆ. ಲೇಸರ್‌ಗೆ ಸಿಗುವುದು ಆ ಕೂದಲು ಮಾತ್ರ. ತಲೆಯಲ್ಲಿ ಯಾವ ದಿನ ನೋಡಿದರೂ ನೂರಕ್ಕೆ ಸುಮಾರು 85 ಕೂದಲು ಈ ಹಂತದಲ್ಲಿರುತ್ತವೆ. ಕಂಕುಳಲ್ಲಿ ಸುಮಾರು 30, ಕಾಲಿನಲ್ಲಿ 20ರ ಆಸುಪಾಸು. ಉಳಿದವು ನಿದ್ದೆಯಲ್ಲಿರುತ್ತವೆ. ಅವು ಎದ್ದು ಬೆಳೆಯಲು ಶುರು ಮಾಡಿದಾಗ ಮತ್ತೆ ಬೆಳಕು ಕೊಡಬೇಕು. ಆದ್ದರಿಂದಲೇ ಮುಖಕ್ಕೆ 4ರಿಂದ 6 ವಾರದ ಅಂತರ, ಕೈಕಾಲು, ಬೆನ್ನಿಗೆ 6ರಿಂದ 8 ವಾರದ ಅಂತರ, ಒಟ್ಟು 6ರಿಂದ 8 ಸಿಟ್ಟಿಂಗ್. ‘ಎರಡು ವಾರಕ್ಕೊಮ್ಮೆ ಬನ್ನಿ, ಬೇಗ ಮುಗಿಸೋಣ’ ಎಂದವರು ನಿಮ್ಮ ಕೂದಲಿನ ವೇಗವನ್ನು ಹೆಚ್ಚಿಸಲಾರರು, ಪ್ಯಾಕೇಜ್ ಮುಗಿಯುವ ವೇಗವನ್ನು ಹೆಚ್ಚಿಸಬಲ್ಲರು. ಕೊನೆಗೆ ಸಿಗುವ ಫಲವೂ ನೂರಕ್ಕೆ ನೂರು ಅಲ್ಲ. ಕೂದಲ ಸಂಖ್ಯೆ ಬಹಳಷ್ಟು ಇಳಿಯುತ್ತದೆ, ಉಳಿದದ್ದು ತೆಳುವಾಗಿ, ತಿಳಿ ಬಣ್ಣಕ್ಕೆ ತಿರುಗುತ್ತದೆ, ಕೆಲವರಿಗೆ ವರ್ಷಕ್ಕೆ ಒಂದೆರಡು ಸಲ ಮತ್ತೆ ಮಾಡಿಸಬೇಕಾಗುತ್ತದೆ.

ನಮ್ಮ ಭಾಗದಲ್ಲಿ ಶುರು ಮಾಡಲು ಆಷಾಢ ಒಳ್ಳೆಯ ತಿಂಗಳು. ಮದುವೆ ಮುಂಜಿಗಳಿಲ್ಲ, ಮೋಡ ಕವಿದಿರುತ್ತದೆ, ಬೇಸಿಗೆಯ ಬಿಸಿಲಿಗೆ ಕಪ್ಪಾದ ತೋಳು ತಿಳಿಯಾಗಲು ಒಂದು ತಿಂಗಳಾದರೂ ಸಿಕ್ಕಿರುತ್ತದೆ. ಆರು ಸಿಟ್ಟಿಂಗ್ ಎಂದರೆ ನಡುವೆ ಐದು ಅಂತರ. ಆರು ವಾರದಂತೆ ಹಿಡಿದರೆ 30 ವಾರ, ಜೂನ್ ಕೊನೆಗೆ ಶುರುವಾದದ್ದು ಶಿವರಾತ್ರಿಯ ಮುಂಚೆ, ಬಿಸಿಲು ಏರುವುದರೊಳಗೆ ಮುಗಿಯುತ್ತದೆ. ಎಂಟು ವಾರದ ಅಂತರವಾದರೆ 40 ವಾರ, ಕೊನೆಯದು ಯುಗಾದಿಯ ಆಚೀಚೆ ಬೀಳುತ್ತದೆ, ಆಗ ಹೆಚ್ಚು ಎಚ್ಚರ ಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದ ಬಯಲು. ಗಾಳಿ ತಂಪಾಗಿದ್ದರೂ ಬಿಸಿಲಿನ ನೇರಳಾತೀತ ಕಿರಣ ಕಮ್ಮಿಯೇನಲ್ಲ. ಟೊಮೆಟೊ ಕೀಳುವವರು, ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ದಿನವೂ ಸ್ಕೂಟರಿನಲ್ಲಿ ಹತ್ತಾರು ಕಿಲೋಮೀಟರ್ ಓಡಾಡುವ ಟೀಚರುಗಳು, ಇವರ ಮುಂಗೈ ಮತ್ತು ಮೇಲ್ತೋಳಿನ ಬಣ್ಣ ಒಂದೇ ಇರುವುದಿಲ್ಲ. ಮೇಲ್ತೋಳಿಗೆ ಸರಿಹೋದ ಶಕ್ತಿ ಮುಂಗೈಯನ್ನು ಸುಡಬಹುದು. ತಿಳಿದವರು ಒಂದೇ ತೋಳಿಗೆ ಎರಡು ಸೆಟ್ಟಿಂಗ್ ಇಡುತ್ತಾರೆ. ಜಾತ್ರೆಯಲ್ಲಿ ದಿನವಿಡೀ ಬಿಸಿಲಲ್ಲಿ ನಿಂತು ಬಂದ ವಾರ ಸಿಟ್ಟಿಂಗ್ ಇದ್ದರೆ ಮುಂದಕ್ಕೆ ಹಾಕಿಸಿಕೊಳ್ಳಿ. ಎರಡರಿಂದ ನಾಲ್ಕು ವಾರ ತಡವಾದರೆ ನಷ್ಟವೇನೂ ಇಲ್ಲ. ಮದುವೆಗೆ ಒಂದು ತಿಂಗಳು ಉಳಿದಿರುವಾಗ ಮೊದಲ ಸಲ ಮುಖಕ್ಕೆ ಲೇಸರ್ ಮಾಡಿಸುವುದಂತೂ ಬೇಡ. ಒಂದು ಸಿಟ್ಟಿಂಗ್‌ನಿಂದ ದೊಡ್ಡ ಫಲವಿಲ್ಲ, ಕಲೆ ಎದ್ದರೆ ಹೋಗಲು ತಿಂಗಳುಗಳೇ ಬೇಕು.

ಗದ್ದ, ದವಡೆಯಂಚು, ಎದೆಯ ನಡುವೆ, ಹೊಕ್ಕುಳ ಕೆಳಗೆ ಗಡುಸು ಕೂದಲು ಬೆಳೆಯುತ್ತಿರುವ ಹುಡುಗಿಯರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಈ ಮಕ್ಕಳು ಮನೆಯಲ್ಲಿ, ಕಾಲೇಜಿನಲ್ಲಿ, ಹೆಣ್ಣು ನೋಡಲು ಬಂದವರ ಮುಂದೆ ಅನುಭವಿಸುವ ಮುಜುಗರ ಚಿಕ್ಕದಲ್ಲ. ದುಪಟ್ಟಾ ಗದ್ದದವರೆಗೆ ಎಳೆದುಕೊಂಡು ಕೂರುವವರಿಗೆ ‘ವಯಸ್ಸಾದ ಮೇಲೆ ಸರಿಹೋಗುತ್ತೆ ಬಿಡು’ ಎನ್ನುವುದು ಸಮಾಧಾನವಾಗುವುದಿಲ್ಲ. ಹಾಗೆಂದು ನೇರವಾಗಿ ಲೇಸರ್‌ಗೆ ಕರೆದೊಯ್ಯುವುದೂ ಪೂರ್ತಿ ನ್ಯಾಯವಲ್ಲ. ಇಂಥ ಕೂದಲಿಗೆ ಅತಿ ಸಾಮಾನ್ಯ ಕಾರಣ ಪಿಸಿಒಎಸ್, ಅಂದರೆ ಅಂಡಾಶಯ ಮತ್ತು ಹಾರ್ಮೋನುಗಳ ಏರುಪೇರಿನ ತೊಂದರೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವುದು, ಮೊಡವೆ, ತೂಕ ಏರುವುದು, ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂಥ ಕಪ್ಪು ಪಟ್ಟಿ, ಇವು ಜೊತೆಗಿದ್ದರೆ ಸಂಶಯ ಬಲವಾಗುತ್ತದೆ. ಕತ್ತಿನ ಆ ಕಪ್ಪನ್ನು ಕೊಳೆಯೆಂದು ತಿಳಿದು ಸೋಪು, ನಾರು ಹಾಕಿ ಉಜ್ಜುವ ತಾಯಂದಿರು ಬಹಳ. ಅದು ಕೊಳೆಯಲ್ಲ, ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬ ಸೂಚನೆ.

ವೈದ್ಯರು ಮೈಯ ಒಂಬತ್ತು ಜಾಗಗಳಲ್ಲಿ ಗಡುಸು ಕೂದಲು ಎಷ್ಟಿದೆ ಎಂದು ನೋಡಿ ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಫೆರ್ರಿಮನ್ ಮತ್ತು ಗಾಲ್ವೇ 1961ರಲ್ಲಿ ರೂಪಿಸಿದ ಪದ್ಧತಿಯನ್ನು ತಿದ್ದಿ ಮಾಡಿಕೊಂಡ ಕ್ರಮ ಇದು. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ, ಬೇಕೆನಿಸಿದರೆ ಇನ್ನೆರಡು ಹಾರ್ಮೋನು ಮತ್ತು ಸ್ಕ್ಯಾನಿಂಗ್ ಬರೆದುಕೊಡುತ್ತಾರೆ. ಕೋಲಾರದ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು, ತುಮಕೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ, ಸ್ತ್ರೀರೋಗ ಎರಡೂ ವಿಭಾಗಗಳಿವೆ. ಇಷ್ಟಕ್ಕಾಗಿ ಬೆಂಗಳೂರಿಗೇ ಹೋಗಬೇಕಿಲ್ಲ. ಹಾರ್ಮೋನು ಏರಿಳಿತ ಹಾಗೇ ಇದ್ದರೆ ಲೇಸರ್ ಇಂದಿನ ಕೂದಲನ್ನು ಸುಡುತ್ತದೆ, ಆ ಹಾರ್ಮೋನು ನಾಳೆ ಹೊಸ ನವಿರುಗಳನ್ನು ಗಡುಸು ಕೂದಲಾಗಿ ತಿರುಗಿಸುತ್ತಾ ಹೋಗುತ್ತದೆ. ‘ಹತ್ತು ಸಿಟ್ಟಿಂಗ್ ಆಯ್ತು, ಮತ್ತೆ ಬಂತು’ ಎನ್ನುವವರಲ್ಲಿ ಅನೇಕರ ಕಥೆ ಇದು. ಹಾರ್ಮೋನು ಹತೋಟಿಗೆ ಕೊಡುವ ಮಾತ್ರೆಗಳ ಪರಿಣಾಮ ಕೂದಲಿನ ಮೇಲೆ ಕಾಣಲು ಆರು ತಿಂಗಳಾದರೂ ಬೇಕು, ಎರಡನ್ನೂ ಜೊತೆಯಾಗಿ ನಡೆಸುವುದೇ ಸರಿ. ಮಾತ್ರೆಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಗರ್ಭ ಧರಿಸುವ ಯೋಚನೆಯಿರುವವರು ವೈದ್ಯರಿಗೆ ಮೊದಲೇ ಹೇಳಬೇಕು, ಬಸಿರಿನಲ್ಲಿ ಅದು ಸಲ್ಲದು. ಕೂದಲು ಕೆಲವೇ ತಿಂಗಳಲ್ಲಿ ದಿಢೀರನೆ ಹೆಚ್ಚಿ, ದನಿ ಗಡುಸಾಗಿ, ನೆತ್ತಿ ಬೋಳಾಗತೊಡಗಿದರೆ ಸೌಂದರ್ಯದ ಮಾತು ಪಕ್ಕಕ್ಕಿಟ್ಟು ಆ ವಾರವೇ ಆಸ್ಪತ್ರೆಗೆ ಹೋಗಬೇಕು. ಅಂಡಾಶಯ ಅಥವಾ ಅಡ್ರಿನಲ್ ಗ್ರಂಥಿಯ ಗೆಡ್ಡೆಯಿದ್ದಾಗಲೂ ಹೀಗಾಗುತ್ತದೆ.

ತಾಯಂದಿರು ಗುಟ್ಟಾಗಿ ಕೇಳುವ ಇನ್ನೊಂದು ಪ್ರಶ್ನೆ, ಮುಂದೆ ಮಕ್ಕಳಾಗಲು ತೊಂದರೆಯಾಗುತ್ತದೆಯೇ ಎಂಬುದು. ಇದು ಎಕ್ಸ್‌ರೇ ಜಾತಿಯ ವಿಕಿರಣವಲ್ಲ. ಚರ್ಮದೊಳಗೆ ಕೆಲವು ಮಿಲಿಮೀಟರ್ ಇಳಿಯುವಷ್ಟರಲ್ಲಿ ಈ ಬೆಳಕಿನ ಬಲ ಮುಗಿಯುತ್ತದೆ, ಗರ್ಭಕೋಶದ ಹತ್ತಿರಕ್ಕೂ ಹೋಗುವುದಿಲ್ಲ. ಬಸುರಿಯರಿಗೆ ಮಾಡದೆ ಮುಂದೂಡುವುದು ಮುನ್ನೆಚ್ಚರಿಕೆಗಾಗಿ.

ಸಿದ್ಧತೆಯಲ್ಲಿ ಎಲ್ಲರೂ ಎಡವುವುದು ಥ್ರೆಡ್ಡಿಂಗ್ ವಿಷಯದಲ್ಲಿ. ಸಿಟ್ಟಿಂಗ್‌ಗೆ ಮುಂಚಿನ ನಾಲ್ಕು ವಾರ, ಮತ್ತು ಎರಡು ಸಿಟ್ಟಿಂಗ್‌ಗಳ ನಡುವೆ, ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಚಿಮಟದಲ್ಲಿ ಕೀಳುವುದು ಯಾವುದೂ ಕೂಡದು. ಕೂದಲನ್ನು ಬೇರುಸಹಿತ ಕಿತ್ತರೆ ಬೆಳಕಿಗೆ ಗುರಿಯೇ ಇಲ್ಲವಾಗುತ್ತದೆ, ಖಾಲಿ ರಂಧ್ರದ ಮೇಲೆ ದುಡ್ಡು ಸುರಿದಂತೆ. ಬ್ಲೀಚ್ ಕೂಡ ಬೇಡ, ಅದು ಕೂದಲಿನ ಕಪ್ಪನ್ನೇ ಕಳೆಯುತ್ತದೆ. ಮಾಡಬಹುದಾದದ್ದು ರೇಜರ್ ಅಥವಾ ಟ್ರಿಮ್ಮರ್ ಮಾತ್ರ. ಹೆಣ್ಣುಮಕ್ಕಳು ಮುಖಕ್ಕೆ ರೇಜರ್ ಎಂದೊಡನೆ ಹೆದರುತ್ತಾರೆ, ದಪ್ಪಗೆ ಬೆಳೆಯುತ್ತದೆ ಎಂದು ಅತ್ತೆ, ಚಿಕ್ಕಮ್ಮಂದಿರೆಲ್ಲ ಎಚ್ಚರಿಸಿರುತ್ತಾರೆ. ರೇಜರ್ ಚರ್ಮದ ಮೇಲಿನ ಕಡ್ಡಿಯನ್ನಷ್ಟೇ ಕತ್ತರಿಸುತ್ತದೆ, ಬುಡಕ್ಕೆ ಸುದ್ದಿಯೇ ಹೋಗುವುದಿಲ್ಲ. ತುದಿ ಚೂಪಾಗಿರುವ ಬದಲು ಮೊಂಡಾಗುವುದರಿಂದ ಕೈಗೆ ಒರಟಾಗಿ ತಗಲುತ್ತದೆ. ಸಿಟ್ಟಿಂಗ್‌ಗೆ 12ರಿಂದ 24 ಗಂಟೆ ಮುಂಚೆ ನುಣ್ಣಗೆ ಬೋಳಿಸಿಕೊಂಡು ಹೋಗಬೇಕು. ಕೂದಲು ಮೇಲೆ ಉಳಿದಿದ್ದರೆ ಬೆಳಕಿನ ಶಕ್ತಿ ಅಲ್ಲೇ ಖರ್ಚಾಗಿ, ಸುಟ್ಟ ಕೂದಲು ಚರ್ಮಕ್ಕೆ ಅಂಟಿ ಚುಕ್ಕೆ ಚುಕ್ಕೆ ಸುಡುತ್ತದೆ, ಕೋಣೆಯ ತುಂಬ ಗಂಧಕದ ಹೊಗೆ.

ಆ ದಿನ ಮುಖದ ಮೇಲೆ ಅರಿಶಿನ, ಕ್ರೀಮು, ಪೌಡರ್, ಎಣ್ಣೆ ಏನೂ ಇರಬಾರದು. ತುಟಿಯ ಸುತ್ತ ಪದೇಪದೇ ಸರ್ಪಸುತ್ತಿನ ಜಾತಿಯ ನೀರ್ಗುಳ್ಳೆ ಏಳುವವರು, ಗಾಯ ಗಡ್ಡೆಕಟ್ಟುವ ಮೈಯವರು, ತೊನ್ನು ಇರುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ನುಂಗುತ್ತಿರುವವರು ಕೇಳುವವರೆಗೆ ಕಾಯದೆ ಹೇಳಿಬಿಡಬೇಕು. ಹಚ್ಚೆಯ ಮೇಲೆ ಲೇಸರ್ ಬೀಳಲೇಬಾರದು. ಶಾಯಿ ಬೆಳಕನ್ನು ಕುಡಿದು ಚರ್ಮವನ್ನು ಬೇಯಿಸಿಬಿಡುತ್ತದೆ. ಕೋಲಾರದ ಹಳ್ಳಿಗಳಲ್ಲಿ ಮುಂಗೈಗೆ, ಗದ್ದಕ್ಕೆ ಹಚ್ಚೆ ಹಾಕಿಸಿಕೊಂಡ ಹಿರಿಯರಿದ್ದಾರೆ, ಈಗಿನ ಹುಡುಗರಿಗೆ ಮಣಿಕಟ್ಟಿನಲ್ಲಿ ಹೆಸರಿರುತ್ತದೆ. ಅದರಿಂದ ಒಂದೆರಡು ಸೆಂಟಿಮೀಟರ್ ದೂರ ಉಳಿಯಬೇಕು. ಮಚ್ಚೆಗಳನ್ನು ಬಿಳಿ ಕಾಗದದಿಂದ ಮುಚ್ಚಿಕೊಳ್ಳಬೇಕು.

ಮೊದಲ ಭೇಟಿಯಲ್ಲೇ ಪೂರ್ತಿ ಮುಖ ಮಾಡುವವರಿಗಿಂತ ಕಿವಿಯ ಕೆಳಗೋ ದವಡೆಯ ಮೂಲೆಯಲ್ಲೋ ಪರೀಕ್ಷೆಗೆಂದು ನಾಲ್ಕೈದು ಶಾಟ್ ಕೊಟ್ಟು ಕಳಿಸುವವರು ವಾಸಿ. ಕನಿಷ್ಠ 48 ಗಂಟೆ ನೋಡಬೇಕು, ಕಪ್ಪು ಚರ್ಮದವರಿಗೆ ಒಂದು ವಾರ ಕಾದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಕಲೆ ತಡವಾಗಿ ಏಳುತ್ತದೆ. ಕೋಣೆಯೊಳಗೆ ಹೋದ ಮೇಲೆ ಕನ್ನಡಕ ಕೊಟ್ಟರೇ ಎಂದು ಗಮನಿಸಿ. ಬಿಸಿಲಿನ ಕಪ್ಪು ಕನ್ನಡಕ ನಡೆಯುವುದಿಲ್ಲ, ಆ ಯಂತ್ರದ ನ್ಯಾನೋಮೀಟರ್ ಅಂಕಿ ಚೌಕಟ್ಟಿನ ಮೇಲೆ ಅಚ್ಚಾಗಿರಬೇಕು. ಮುಖ ಮಾಡುವಾಗ ಮಲಗಿದವರ ಕಣ್ಣನ್ನು ಬೆಳಕು ತೂರದ ಮುಚ್ಚಳದಿಂದ ಪೂರ್ತಿ ಮುಚ್ಚಬೇಕು. ಹುಬ್ಬಿನ ಕೆಳಗೆ, ಕಣ್ಣುಗುಳಿಯ ಮೂಳೆಯಂಚಿನ ಒಳಗೆ ಯಾರೇ ಹೇಳಿದರೂ ಮಾಡಿಸಬೇಡಿ. ರೆಪ್ಪೆ ಮುಚ್ಚಿದ್ದರೂ ಈ ಬೆಳಕು ಅದನ್ನು ದಾಟುತ್ತದೆ, ಕಣ್ಣಿನೊಳಗೆ ಪಾಪೆಯ ಸುತ್ತಲಿನ ಕರಿ ಭಾಗವೂ ಮೆಲನಿನ್ನೇ. ಅಲ್ಲಿ ಸುಟ್ಟದ್ದು ವಾಪಸು ಸರಿಹೋಗುವುದಿಲ್ಲ.

ಕೈಪಿಡಿ ಚರ್ಮಕ್ಕೆ ನೇರವಾಗಿ, ಪೂರ್ತಿ ಅಂಟಿಕೊಂಡು ಕೂರಬೇಕು. ಓರೆಯಾದರೆ ತಂಪು ಒಂದು ಕಡೆ, ಬೆಳಕು ಇನ್ನೊಂದು ಕಡೆ ಬಿದ್ದು ಅರ್ಧಚಂದ್ರದ ಆಕಾರದ ಸುಟ್ಟ ಗುರುತು ಉಳಿಯುತ್ತದೆ. ದವಡೆಯ ತಿರುವಿನಲ್ಲಿ ಇದು ಆಗುವುದು ಹೆಚ್ಚು. ಶಾಟ್‌ಗಳ ನಡುವೆ ಜಾಗ ಬಿಟ್ಟರೆ ಮೂರು ವಾರದ ನಂತರ ಪಟ್ಟೆ ಪಟ್ಟೆಯಾಗಿ ಕೂದಲು ಬರುತ್ತದೆ. ಒಂದರ ಮೇಲೊಂದು ಹೆಚ್ಚು ಹಾಕಿದರೆ ಎರಡು ಪಟ್ಟು ಕಾವು. ಸರಿಯಾದ ಶಕ್ತಿ ತಲುಪಿದೆ ಎನ್ನುವುದಕ್ಕೆ ಯಂತ್ರದ ಪರದೆಗಿಂತ ಚರ್ಮವೇ ಸಾಕ್ಷಿ: ಕೆಲವು ನಿಮಿಷದಲ್ಲಿ ಪ್ರತಿ ಕೂದಲ ಬುಡದ ಸುತ್ತ ಸಣ್ಣ ಬೊಕ್ಕೆಯಂತೆ ಊದಿಕೊಂಡು, ಸುತ್ತ ತಿಳಿಗೆಂಪು ಕಾಣಬೇಕು. ಏನೂ ಕಾಣದಿದ್ದರೆ ಶಕ್ತಿ ಸಾಲದು. ಚರ್ಮ ಬೂದಿ ಬಣ್ಣಕ್ಕೋ ಬಿಳುಪಿಗೋ ತಿರುಗಿದರೆ, ರಬ್ಬರ್ ಬ್ಯಾಂಡ್ ಹೊಡೆದಂಥ ಚುರುಕು ಹೋಗಿ ಉರಿ ನಿಲ್ಲದೇ ಇದ್ದರೆ, ತಕ್ಷಣ ನಿಲ್ಲಿಸಿ ಎನ್ನಿ. ತಡೆದುಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ, ಆ ನೋವೇ ಎಚ್ಚರಿಕೆಯ ಗಂಟೆ. ನೋವೇ ಆಗದಂತೆ ಮರಗಟ್ಟಿಸುವ ಕ್ರೀಮನ್ನು ಎರಡೂ ಕಾಲಿಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವ ಪದ್ಧತಿ ಅಪಾಯಕಾರಿ. ದೊಡ್ಡ ಜಾಗದಿಂದ ಕ್ರೀಮಿನಲ್ಲಿರುವ ಲಿಡೊಕೇಯಿನ್ ರಕ್ತಕ್ಕೆ ಸೇರಿ ಹೃದಯ, ಮಿದುಳಿಗೆ ತಟ್ಟುತ್ತದೆ. ಅಮೆರಿಕದಲ್ಲಿ ಹೀಗೆ ಸಾವುಗಳಾಗಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2007ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಮೇಲ್ದುಟಿಗೆ ತೆಳ್ಳಗೆ ಹಚ್ಚಿದರೆ ಸಾಕು, ಅದೂ ಕ್ಲಿನಿಕ್ಕಿನಲ್ಲೇ.

ಯಂತ್ರದ ಆರೋಗ್ಯವೂ ನಿಮ್ಮ ಚರ್ಮದ ಆರೋಗ್ಯಕ್ಕೆ ಸೇರಿದ್ದು. ಡಯೋಡ್ ಕೈಪಿಡಿಯ ತುದಿಯ ನೀಲಮಣಿ ಗಾಜು ಮಂಜಿನಷ್ಟು ತಣ್ಣಗೆ, 5 ಡಿಗ್ರಿಯ ಸುತ್ತ ಇರಬೇಕು. ಶುರು ಮಾಡುವ ಮುಂಚೆ ನಿಮ್ಮ ಅಂಗೈಗೆ ಮುಟ್ಟಿಸಲು ಹೇಳಿ. ಕರೆಂಟು ಹೋಗಿ ಬಂದ ಮೇಲೆ ಲೇಸರ್ ತಕ್ಷಣ ಹತ್ತಿಕೊಳ್ಳುತ್ತದೆ, ತಂಪು ಮಾತ್ರ ಏರಲು ಕೆಲವು ನಿಮಿಷ ಬೇಕು. ಏಪ್ರಿಲ್ ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ನಂತರದ ಮೊದಲ ಹತ್ತು ಶಾಟ್‌ಗಳಲ್ಲಿ ಸುಡುವುದಕ್ಕೆ ಇದೂ ಒಂದು ಕಾರಣ. ಒಳಗಿನ ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟಿ ತಂಪಿನ ಕೊಳವೆ ಮುಚ್ಚಿಕೊಳ್ಳುತ್ತದೆ, ನಮ್ಮ ಗಡಸು ನೀರಿನ ಊರುಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಷಗಟ್ಟಲೆ ಶಾಟ್ ಹೊಡೆದ ಕೈಪಿಡಿ ಪರದೆಯ ಮೇಲೆ ತೋರಿಸುವ ಜೌಲ್‌ಗಿಂತ ಕಡಿಮೆ ಕೊಡತೊಡಗುತ್ತದೆ. ಆಗ ಆಪರೇಟರ್ ಅಂಕಿ ಏರಿಸುತ್ತಾ ಹೋಗುತ್ತಾರೆ, ಒಂದು ದಿನ ಹೊಸ ಕೈಪಿಡಿ ಬಂದು ಅದೇ ಅಂಕಿಯಲ್ಲಿ ಹೊಡೆದಾಗ ಗುಳ್ಳೆ ಏಳುತ್ತದೆ.

ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಡುವುದು, ವಾಸನೆಯಿಲ್ಲದ ಮಾಯಿಶ್ಚರೈಸರ್, ಹೊರಗೆ ಹೊರಟರೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್. ಮುಖ, ಕತ್ತಿಗೆ ಎರಡು ಬೆರಳುದ್ದ ಹಿಂಡಿದಷ್ಟು ಬೇಕು, ಬಿಸಿಲಲ್ಲೇ ಇದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಒಂದೆರಡು ದಿನ ಬಿಸಿನೀರಿನ ಸ್ನಾನ, ಎಣ್ಣೆಸ್ನಾನ, ಕಡಲೆಹಿಟ್ಟು ಹಾಕಿ ಉಜ್ಜುವುದು, ಬೆವರಿಳಿಯುವ ಕೆಲಸ ಬೇಡ. ಕೆಂಪು ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಮೇಲೆ ಒಂದರಿಂದ ಮೂರು ವಾರದವರೆಗೆ ಕೂದಲು ‘ಬೆಳೆಯುತ್ತಿರುವಂತೆ’ ಕಾಣುವುದು ಎಲ್ಲರನ್ನೂ ಗಾಬರಿಗೊಳಿಸುತ್ತದೆ. ಅದು ಬೆಳವಣಿಗೆಯಲ್ಲ, ಸುಟ್ಟ ಕಡ್ಡಿಯನ್ನು ಚರ್ಮ ಹೊರಕ್ಕೆ ತಳ್ಳುತ್ತಿರುವುದು. ಕೀಳಬೇಡಿ, ಟವೆಲ್ಲಿಗೆ ತಾನಾಗಿ ಬರುತ್ತದೆ.

ಸುಟ್ಟಿದ್ದರೆ ಹರಿಯುವ ತಣ್ಣೀರು, ಆಮೇಲೆ ವೈದ್ಯರು. ಗುಳ್ಳೆ ಒಡೆಯಬಾರದು, ಪೇಸ್ಟು, ಇಂಕು, ಸುಣ್ಣ ಹಚ್ಚಬಾರದು. ಆರಿದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲು ತಾಗಿಸದೆ ಕಾಪಾಡಿಕೊಂಡರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಬಿಳಿ ಕಲೆ ಹೆಚ್ಚು ಹಟಮಾರಿ. ಕ್ಲಿನಿಕ್ಕುಗಳು ಮೊದಲೇ ಹೇಳಲು ಹಿಂಜರಿಯುವ ಇನ್ನೊಂದು ತೊಂದರೆಯಿದೆ: ಲೇಸರ್ ಮಾಡಿದ ಕಡೆ, ಅಥವಾ ಅದರ ಅಂಚಿನಲ್ಲಿ, ಕೂದಲು ಕಡಿಮೆಯಾಗುವ ಬದಲು ಹೆಚ್ಚುವುದು. ಕೆನ್ನೆ, ದವಡೆ, ಕತ್ತಿನಲ್ಲಿ, ನಮ್ಮಂಥ ಬಣ್ಣದವರಲ್ಲಿ, ಪಿಸಿಒಎಸ್ ಇರುವವರಲ್ಲಿ ಇದು ಹೆಚ್ಚು. ಬುಡವನ್ನು ಕೊಲ್ಲಲು ಸಾಲದಷ್ಟು ಕಾವು ನಿದ್ದೆಯಲ್ಲಿದ್ದ ಬುಡಗಳನ್ನು ಎಬ್ಬಿಸುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಆದ್ದರಿಂದಲೇ ಕೆನ್ನೆಯ ಮೇಲಿನ ನವಿರಾದ ತಿಳಿಗೂದಲಿಗೆ ‘ಅದನ್ನೂ ಮಾಡಿಬಿಡೋಣ’ ಎಂದರೆ ಬೇಡ ಎನ್ನಿ. ಆ ಕೂದಲಿನಲ್ಲಿ ಹೀರಲು ಬಣ್ಣವಿಲ್ಲ, ಕೆಣಕಲು ಮಾತ್ರ ಸಾಕಷ್ಟಿದೆ.

ಗಂಡಸರೂ ಬರುತ್ತಾರೆ. ಗಡ್ಡ ಹೆರೆದಾಗಲೆಲ್ಲ ಕತ್ತಿನಲ್ಲಿ ಕೂದಲು ಒಳಕ್ಕೆ ಸುರುಳಿಯಾಗಿ ಕೀವುಗುಳ್ಳೆ ಏಳುವವರಿಗೆ ಇದು ನಿಜವಾದ ಬಿಡುಗಡೆ. ಬಾಲಮೂಳೆಯ ಹತ್ತಿರ ಕೂದಲು ಚುಚ್ಚಿಕೊಂಡು ಪದೇಪದೇ ಕೀವಾಗುವ ಪೈಲೊನೈಡಲ್ ಸೈನಸ್ ಇರುವ ಲಾರಿ, ಟ್ಯಾಕ್ಸಿ ಡ್ರೈವರುಗಳಿಗೆ ಆಪರೇಷನ್ ಜೊತೆ ಸುತ್ತಲಿನ ಕೂದಲಿಗೆ ಲೇಸರ್ ಮಾಡಿದರೆ ಮರುಕಳಿಸುವುದು ತಗ್ಗುತ್ತದೆ. ಗಡ್ಡದ ಗೆರೆ ಚೆಂದ ಮಾಡಿಸಲು ಬರುವ ಇಪ್ಪತ್ತರ ಹುಡುಗರು ಎರಡು ಸಲ ಯೋಚಿಸಬೇಕು, ಮೂವತ್ತಕ್ಕೆ ಬೇರೆ ಗೆರೆ ಬೇಕೆನಿಸಬಹುದು. ಗಂಡುದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವರಿಗೆ ಮುಖದ ಕೂದಲು ದಿನದಿನದ ಸಂಕಟ. ಅವರು ಬಾಗಿಲಿಗೆ ಬಂದಾಗ ನೋಟದಲ್ಲೇ ಕುಗ್ಗಿಸುವ ಕ್ಲಿನಿಕ್ಕಿನಲ್ಲಿ ಯಂತ್ರ ಎಷ್ಟು ಒಳ್ಳೆಯದಿದ್ದರೂ ಆ ಜಾಗ ಚಿಕಿತ್ಸೆಗೆ ಯೋಗ್ಯವಲ್ಲ.

ಬಿಳಿ, ಕೆಂಚು ಕೂದಲಿಗೆ ಯಾವ ಲೇಸರೂ ಕೆಲಸ ಮಾಡದು. ಅಂಥವಕ್ಕೆ ಎಲೆಕ್ಟ್ರಾಲಿಸಿಸ್ ಇದೆ: ಒಂದೊಂದು ಬುಡಕ್ಕೂ ಸಣ್ಣ ಸೂಜಿ ಇಳಿಸಿ ವಿದ್ಯುತ್ತಿನಿಂದ ನಾಶಮಾಡುವುದು. ಚಾರ್ಲ್ಸ್ ಮಿಷೆಲ್ ಎಂಬ ಕಣ್ಣಿನ ವೈದ್ಯರು 1875ರಲ್ಲಿ ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆ ಇದನ್ನು ಬಳಸಿದರು. ನಿಧಾನದ ಕೆಲಸ, ಆದರೆ ಬಣ್ಣದ ಹಂಗಿಲ್ಲ. ಋತುಬಂಧದ ನಂತರ ಗದ್ದದಲ್ಲಿ ನಾಲ್ಕಾರು ಬಿಳಿ ಕೂದಲು ಬಂದವರಿಗೆ ಇದೇ ಸಾಕು. ಮನೆಗೆ ತರಿಸಿಕೊಳ್ಳುವ ಐಪಿಎಲ್ ಸಾಧನಗಳಲ್ಲಿ ಹಲವಕ್ಕೆ ಚರ್ಮದ ಬಣ್ಣ ಅಳೆಯುವ ಸೆನ್ಸರ್ ಇರುತ್ತದೆ, ಹೆಚ್ಚು ಕಪ್ಪಿದ್ದರೆ ಫ್ಲ್ಯಾಶ್ ಆಗುವುದಿಲ್ಲ. ಅದು ಕೆಟ್ಟಿದೆ ಎಂದು ತಿಳಿದು ಹೇಗಾದರೂ ಹೊಡೆಯುವ ಉಪಾಯ ಹುಡುಕಬೇಡಿ.

ಕ್ಲಿನಿಕ್ ಆರಿಸುವಾಗ ಗೋಡೆಯ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯ ನೋಂದಣಿ ಪತ್ರ ಇದೆಯೇ, ಸಿಟ್ಟಿಂಗ್ ನಡೆಯುವ ಹೊತ್ತಿಗೆ ಚರ್ಮದ ವೈದ್ಯರು ಅದೇ ಕಟ್ಟಡದಲ್ಲಿರುತ್ತಾರೆಯೇ ನೋಡಿ. ಎಂಟು ಸಿಟ್ಟಿಂಗ್‌ಗೆ ಒಟ್ಟಿಗೆ ದುಡ್ಡು ಕಟ್ಟುವ ಬದಲು ಮೊದಲ ಎರಡಕ್ಕೆ ಬಿಡಿಯಾಗಿ ಕಟ್ಟಿ, ಮೂರನೆಯದರ ಹೊತ್ತಿಗೆ ಕೂದಲು ಬರುವುದು ತಡವಾಗುತ್ತಿದೆಯೇ ಎಂದು ನೋಡಿಕೊಂಡು ಮುಂದುವರಿಯಬಹುದು. ಪ್ರತಿ ಸಲವೂ ಯಂತ್ರ ಯಾವುದು, ನ್ಯಾನೋಮೀಟರ್, ಜೌಲ್, ಮಿಲಿಸೆಕೆಂಡ್, ಸ್ಪಾಟಿನ ಅಳತೆ, ಎಷ್ಟು ಶಾಟ್, ಮಾರನೇ ದಿನ ಚರ್ಮ ಹೇಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಫೋಟೊ ಇಟ್ಟುಕೊಳ್ಳಿ. ಫೋಟೊ ತೆಗೆಯುವಾಗ ಪ್ರತಿ ಸಲ ಅದೇ ಕಿಟಕಿ, ಅದೇ ಹೊತ್ತು ಇದ್ದರೆ ಹೋಲಿಸಲು ಬರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಮೂರು ಸಿಟ್ಟಿಂಗ್ ಮಾಡಿಸಿ, ಮದುವೆಯಾಗಿಯೋ ಕೆಲಸ ಸಿಕ್ಕಿಯೋ ಬೆಂಗಳೂರಿಗೆ ಹೋದವರು ಅಲ್ಲಿ ಮತ್ತೆ ಒಂದರಿಂದ ಶುರು ಮಾಡಬೇಕಾಗಿ ಬರುವುದು ಈ ಚೀಟಿ ಇಲ್ಲದ್ದರಿಂದ. ಚೀಟಿ ಇದ್ದರೂ ಯಂತ್ರ ಬೇರೆಯಾದರೆ ಹೊಸ ವೈದ್ಯರು ಕಿವಿಯ ಕೆಳಗೆ ಮತ್ತೊಮ್ಮೆ ನಾಲ್ಕು ಶಾಟ್ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು, ಅದಕ್ಕೊಂದು ವಾರ ಇಟ್ಟುಕೊಂಡು ಹೋಗಿ.